ಹೀರೇಬಳ್ಳಿಯ ಕಮಾನು

“ತುಂಡು ಪೈಪು ಅಂದ್ರಲ್ರೀ ಸಾರು! ಕೆಲಸಕ್ಕ ಬಾರದ ತುಂಡು ಅಂತ ಹೇಳಿ ನನ್ನ ಕೈಲೇ ಕಾಯಿಸಿದ್ರಲ್ರೀ!”

“ಮೆಲ್ಲಗ, ಶಾಂತಕ್ಕ. ಮಕ್ಕಳು ಕೇಳಾಕತ್ತಾರ.”

“ಕೇಳ್ಲಿ! ಅವ್ರ ಪೈಪೇ ಅಲ್ಲೇನ್ರಿ ಅದು?”

ಬಿಸಿಯೂಟದ ಅಡುಗೆ ಮಾಡುವ ಶಾಂತಕ್ಕ ಸೌಟು ಹಿಡಿದೇ ಅಂಗಳಕ್ಕೆ ಬಂದಿದ್ದಳು. ಎದುರಿಗೆ ನಿಂತಿದ್ದ ಹೆಡ್‌ಮಾಸ್ತರ್ ಶಿವಕೃಷ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಕಣ್ಣು ಮಾತ್ರ ಗೇಟಿನ ಮೇಲೆ. ತೆಲುಗು ಸೀಮೆಯ ಆ ಕನ್ನಡ ಶಾಲೆಯ ಕೈತೋಟ ನೋಡಲು ಆದೋನಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ಬರುವ ಹೊತ್ತಾಗಿತ್ತು.

ಜಗಳಕ್ಕೆ ಕಿಡಿ ಹಚ್ಚಿದವನು ನಲ್ಲಿ ಜೋಡಿಸುವ ಗಾದಿಲಿಂಗ. ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ. ಹುಡುಗಿಯರ ಪಾಯಖಾನೆ ಕಟ್ಟಿ ಮುಗಿದಿತ್ತು, ಮೇಲೆ ಟ್ಯಾಂಕೂ ಕೂತಿತ್ತು. ಬೋರಿನಿಂದ ಅಲ್ಲಿಗೆ ಪೈಪು ಎಳೆಯುವುದೊಂದೇ ಬಾಕಿ. ಆ ಕೆಲಸಕ್ಕೆಂದೇ ಅವನು ಬೆಳಿಗ್ಗೆ ಪೆದ್ದಕಡುಬೂರಿನಿಂದ ಬಂದು, “ಬ್ಯಾಸಿಗ್ಯಾಗ ನಾನೇ ಇಳಿಸಿ ಹೋಗಿದ್ನಲ್ಲಕ್ಕ, ಬಿಳೇ ಪೈಪು. ಎಲ್ಲಿಟ್ಟೀರಿ?” ಎಂದು ಶಾಂತಕ್ಕನನ್ನು ಕೇಳಿದ್ದ.

ಶಾಂತಕ್ಕ ತಿರುಗಿ ತೋಟದ ಕಡೆ ನೋಡಿದಳು.

ಗೇಟಿನಿಂದ ವರಾಂಡದವರೆಗೆ ಆ ಬಿಳೇ ಪೈಪುಗಳೇ ಬಿಲ್ಲಿನಂತೆ ಬಾಗಿ ಸಾಲಾಗಿ ನಿಂತಿದ್ದವು. ಹೀರೇಬಳ್ಳಿ ಎರಡೂ ಬದಿಯಿಂದ ಹತ್ತಿ ಮೇಲೆ ಒಂದಕ್ಕೊಂದು ಹೆಣೆದುಕೊಂಡಿತ್ತು. ಎಳೆಯ ಕಾಯಿಗಳು ತಲೆಗೆ ತಾಗುವಂತೆ ಜೋತುಬಿದ್ದಿದ್ದವು. ಇಂಥ ಚಪ್ಪರ ಸುತ್ತಲಿನ ಯಾವ ಶಾಲೆಯಲ್ಲೂ ಇಲ್ಲವೆಂದು ಹೆಡ್‌ಮಾಸ್ತರರಿಗೆ ಹೆಮ್ಮೆ. ನಿಜ ಹೇಳಬೇಕೆಂದರೆ ಶಾಂತಕ್ಕನಿಗೂ ಹೆಮ್ಮೆಯೇ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಹೊಸದರಲ್ಲಿ ಪೈಪಿನೊಳಗೆ ಮರಳು ತುಂಬಿ, ಬಾಯಿಗೆ ಬಟ್ಟೆ ತುರುಕಿ, ತನ್ನ ಒಲೆಯ ಕೆಂಡದ ಮೇಲೆ ತಿರುಗಿಸಿ ತಿರುಗಿಸಿ ಮೆತ್ತಗೆ ಮಾಡಿ ಬಗ್ಗಿಸಿದವಳು ಅವಳೇ.

“ಈಗೇನಾತು?” ಶಿವಕೃಷ್ಣ ದನಿ ತಗ್ಗಿಸಿದರು. “ಹೊಸ ಪೈಪಿಗೆ ಬರದು ಹಾಕೀನಿ. ಇವತ್ತ ತೋಟ ಮೆಚ್ಚಿದ್ರ ಸಾಹೇಬ್ರೇ ಕೊಡಸ್ತಾರ. ಇದೇ ಬಳ್ಳೀ ಕಾಯಿ ಅಲ್ಲೇನು ನೀನು ಸಾಂಬಾರಿಗೆ ಹಾಕೋದು? ಹುಡುಗ್ರು ತಿನ್ನಂಗಿಲ್ಲೇನು?”

“ತಿಂತಾರ. ತಿಂದಮ್ಯಾಲ ಹುಡುಗೇರು ಎಲ್ಲಿಗೆ ಹೋಗಬೇಕ್ರಿ? ಜಾಲಿ ಗಿಡದ ಮರೀಗೆ? ಅಲ್ಲೇ ಬೈಕು ನಿಂದರಿಸಿ ಕೂಗ್ತಾವ ಹಲ್ಕಟ್ ನನ್ನ ಮಕ್ಕಳು! ಕೀಳ್ರಿ ಪೈಪು. ಬಗ್ಗಿದ್ರೇನು, ನೀರು ಹರಿಯಾಂಗಿಲ್ಲೇನು?”

“ಕಿತ್ತು ಏನ್ ಮಾಡ್ತಿ? ಹಗ್ಗ ಕಟ್ಟಾಕ ಗೇಣಿಗೊಂದು ತೂತು ಹೊಡದೀವಿ. ನೀನೇ ಹೊಡದೀಯಲ್ಲ!”

ಹೌದು, ಮೊಳೆ ಕಾಯಿಸಿ ಒಂದೊಂದೇ ತೂತು ಸುಟ್ಟದ್ದೂ ಶಾಂತಕ್ಕನೇ. ಮಗಳು ಶ್ರಾವಣಿ ಆಗ ಪಕ್ಕದಲ್ಲೇ ಕೂತು ಹಗ್ಗ ಹೊಸೆಯುತ್ತಿದ್ದಳು.

ಆ ಶ್ರಾವಣಿಯದೇ ಅವಳ ಚಿಂತೆ. ಒಂಬತ್ತನೇ ತರಗತಿ. ತಿಂಗಳ ಆ ದಿನಗಳಲ್ಲಿ ಮನೆಯಲ್ಲೇ ಉಳಿದುಬಿಡುತ್ತಿದ್ದಳು. ಪಾಠ ಹಿಂದೆ ಬಿತ್ತು. ಇನ್ನು ಸಾಲೆ ಸಾಕು, ಹತ್ತಿ ಬಿಡಿಸಲು ಹೋಗುತ್ತೇನೆ ಎಂದು ಹಟ ಹಿಡಿದಾಗ ಶಾಂತಕ್ಕ ಅವಳ ಗದ್ದ ಹಿಡಿದು ಮಾತು ಕೊಟ್ಟಿದ್ದಳು: “ದಸರೆದೊಳಗ ನೀರು ಬರ್ತೈತಿ. ಅಲ್ಲೀತನ ತಡಕ. ಹತ್ತನೇದು ಮುಗಸವ್ವ.”

ಜೀಪು ಬಂತು. ಕಮಾನಿನ ಕೆಳಗೆ ಹೂವಿನ ತಟ್ಟೆ ಹಿಡಿದು ನಿಂತ ಹುಡುಗಿಯರಲ್ಲಿ ಶ್ರಾವಣಿಯೂ ಇದ್ದಳು. ಸಾಹೇಬರು ಇಳಿದು, ತಲೆಗೆ ತಾಗಿದ ಹೀರೇಕಾಯಿಯನ್ನು ಸವರಿ ನಕ್ಕರು.

“ಬಾಗುಂದಿ, ಚೆನ್ನಾಗಿದೆ! ಯಾರಮ್ಮಾ ಇದನ್ನ ಮಾಡಿದ್ದು?”

“ನಾನೇ ಮಾಡೀನ್ರಿ,” ಎಂದಳು ಶಾಂತಕ್ಕ.

“ಶಾಂತಕ್ಕ, ನೀನು ಒಳಗ ನಡಿ. ಅನ್ನ ಸೀದೀತು,” ಎಂದರು ಹೆಡ್‌ಮಾಸ್ತರ್.

ಆ ‘ಒಳಗ ನಡಿ’ ಅವಳ ಎದೆಗೆ ಬೆಂಕಿ ಹಚ್ಚಿತು.

“ಸೀದರ ಸೀಯಲಿ! ಸಾಹೇಬ್ರ, ಇದು ಹುಡುಗೇರ ಪಾಯಖಾನಿ ಪೈಪು! ಅಲ್ಲಿಗೆ ಒಂದು ಚೊಂಬು ನೀರಿಲ್ಲ, ಇಲ್ಲಿ ಬಳ್ಳಿಗೆ ಮದುವಿ ಚಪ್ಪರ! ನನ್ನ ಮಗಳು ಶ್ರಾವಣಿ ತಿಂಗಳಾ ತಿಂಗಳಾ ಯಾಕ ಮನಿಯಾಗ ಕುಂದರ್ತಾಳ, ಇವ್ರನ್ನ ಕೇಳ್ರಿ! ಆಕಿ ಮುಟ್ಟಾದ್ರ ತೊಳಕಣಾಕ ಜಾಗ ಇಲ್ರೀ! ಹೋದ ತಿಂಗಳು ಬಟ್ಟಿ ಎಲ್ಲಾ ಕಲೆಯಾಗಿ, ಪುಸ್ತಕದ ಚೀಲ ಹಿಂದ ಅಡ್ಡ ಹಿಡಕಂಡು, ಅಳಕಂತ ಓಡಿ ಬಂದಾಳ. ನಿಂತಾಳ ನೋಡ್ರಿ ಅಲ್ಲಿ, ಆಕೀನೇ!”

ಒಂಬತ್ತನೇ ತರಗತಿಯ ಕಿಟಕಿಯಲ್ಲಿ ಯಾವನೋ ಕಿಸಕ್ಕನೆ ನಕ್ಕ. ಅವನ ಹಿಂದೆಯೇ ಇನ್ನೊಬ್ಬ.

ಸಾಹೇಬರ ಮುಖ ಕೆಂಪಾಯಿತು. ಅವರು ಹೆಡ್‌ಮಾಸ್ತರರ ಕಡೆ ತಿರುಗಿ, ತೆಲುಗಿನಲ್ಲೇ ನಾಲ್ಕು ಮಾತು ಖಾರವಾಗಿ ಅಂದರು. ಆಮೇಲೆ ಗಾದಿಲಿಂಗನನ್ನು ಕರೆದು, “ನಾಳೆ ಹೊಸ ಪೈಪು ಬರ್ತದೆ. ನಾಳೆನೇ ನೀರು ಬಿಡಬೇಕು. ನೀನು ಇಲ್ಲೇ ಇರು,” ಎಂದರು. ಶಿವಕೃಷ್ಣ ತಲೆ ಬಗ್ಗಿಸಿ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು.

ಗೆದ್ದೆ! ಶಾಂತಕ್ಕ ನಗುತ್ತಾ ಮಗಳ ಕಡೆ ತಿರುಗಿದಳು.

ಶ್ರಾವಣಿ ಹೂವಿನ ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟಾಗಿತ್ತು. ಓಡಲಿಲ್ಲ, ಅಳಲೂ ಇಲ್ಲ. ತರಗತಿಯಲ್ಲಿದ್ದ ಚೀಲವನ್ನೂ ತೆಗೆದುಕೊಳ್ಳದೆ, ತಲೆ ಬಗ್ಗಿಸಿ ಜೀಪಿನ ಪಕ್ಕದಿಂದ ಗೇಟಿನತ್ತ ನಡೆದಳು.

“ಶ್ರಾವಣೀ! ನಾಳೆ ನೀರು ಬರ್ತೈತೇ! ಸಾಹೇಬ್ರು ಹೇಳ್ಯಾರ, ಕೇಳಿಸ್ಲಿಲ್ಲೇನು? ಏಯ್, ನಿಂದ್ರ!”

ಹುಡುಗಿ ತಿರುಗಿ ನೋಡಲಿಲ್ಲ. ಗೇಟು ದಾಟಿ ಹತ್ತಿ ಹೊಲದ ದಾರಿ ಹಿಡಿದಳು. ಶಾಂತಕ್ಕ ಆಮೇಲೆ ಬೈದು ನೋಡಿದಳು, ಹೊಡೆದು ನೋಡಿದಳು, ಕಡೆಗೆ ಕಾಲು ಹಿಡಿದು ಅತ್ತೂ ನೋಡಿದಳು. ಶ್ರಾವಣಿ ಮತ್ತೆ ಆ ಶಾಲೆಗೆ ಕಾಲಿಡಲಿಲ್ಲ.