ದುರ್ವಾಸನೆ ಕುರಿತು ಮೂರನೇ ನೋಟೀಸು

ಬಚ್ಚಲುಮನೆಯ ಬಾಗಿಲ ಮೇಲೆ ಮೂರನೇ ನೋಟೀಸು ಅಂಟಿಕೊಂಡಿತ್ತು. ಮಾವನದೇ ಅಕ್ಷರ, ಮುತ್ತು ಪೋಣಿಸಿದ ಹಾಗೆ. ‘ಸದರಿ ಸ್ಥಳದಲ್ಲಿ ದುರ್ವಾಸನೆ ಮುಂದುವರಿದಿದ್ದು, ಭಾನುವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಮೂರೂ ಬೆಕ್ಕಿನ ಮರಿಗಳನ್ನು ತೆರವುಗೊಳಿಸತಕ್ಕದ್ದು.’ ಕೆಳಗೆ ರುಜು, ತಾರೀಖು.

ಮೂವತ್ನಾಲ್ಕು ವರ್ಷ ಆರೋಗ್ಯ ಇನ್‌ಸ್ಪೆಕ್ಟರಾಗಿ ಊರಿನ ಚರಂಡಿ, ಹೋಟೆಲುಗಳನ್ನೆಲ್ಲ ಮೂಸಿ ನೋಡಿ ನೋಟೀಸು ಜಡಿದ ಮನುಷ್ಯ. ನಿವೃತ್ತಿಯಾಗಿ ಹನ್ನೆರಡು ವರ್ಷ ಕಳೆದರೂ ಚಟ ಬಿಟ್ಟಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಮೊದಲೆರಡು ನೋಟೀಸಿಗೆ ಸೊಸೆ ನಕ್ಕಿದ್ದಳು. ಈಗ ನಗು ಬರಲಿಲ್ಲ. ಇವತ್ತೇ ಭಾನುವಾರ, ಗಂಟೆ ಒಂಬತ್ತೂವರೆ. ಗಂಡ ನಡುಮನೆಯಲ್ಲಿ ಕೂತು ರಟ್ಟಿನ ಪೆಟ್ಟಿಗೆಗೆ ಗಾಳಿಯಾಡಲು ಕತ್ತರಿಯಿಂದ ತೂತು ಕೊರೆಯುತ್ತಿದ್ದ. ಮೀನು ಮಾರ್ಕೆಟ್ಟಿನ ಹಿಂದೆ ಬಿಟ್ಟು ಬರುತ್ತಾನಂತೆ, ಅಲ್ಲಿ ತಿನ್ನೋಕೆ ಬೇಕಾದಷ್ಟು ಸಿಗುತ್ತದಂತೆ. ಅಲ್ಲಿ ಹನ್ನೆರಡು ನಾಯಿಗಳಿವೆ, ಅವಕ್ಕೂ ತಿನ್ನೋಕೆ ಬೇಕು ಎಂದು ಅವಳು ನಿನ್ನೆಯೇ ಹೇಳಿಯಾಗಿತ್ತು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳಿಸಿಕೊಳ್ಳುತ್ತಿತ್ತು.

ತಾಯಿ ಬೆಕ್ಕು ಲಾರಿಗೆ ಸಿಕ್ಕಿ ಸತ್ತಾಗ ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಎರಡು ಗಂಟೆಗೊಮ್ಮೆ ಹನಿ ಹನಿ ಹಾಲು ಕುಡಿಸಿ, ಒದ್ದೆ ಹತ್ತಿಯಿಂದ ಹೊಟ್ಟೆ ಒರೆಸಿ ಉಳಿಸಿಕೊಂಡವಳು ಅವಳು. ಈಗ ಎರಡೂವರೆ ತಿಂಗಳು. ಕರಿಯ, ಬೂದಿ, ಮತ್ತೆ ಮಾವನ ಹಾಗೇ ಮುಖ ಗಂಟಿಕ್ಕಿಕೊಂಡು ಮನೆಯ ಮೂಲೆ ಮೂಲೆ ತಪಾಸಣೆ ಮಾಡುವ ‘ಸಾಹೇಬ’.

ಅವಳಿಗೆ ವಾಸನೆಯ ಪಾಠ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹನ್ನೊಂದು ವರ್ಷದಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೊಳೆ ಬಟ್ಟೆ ಬೇರ್ಪಡಿಸುವ ಕೆಲಸ. ಗಂಟು ಬಿಚ್ಚುವ ಮೊದಲೇ ಇದು ಮಕ್ಕಳ ವಾರ್ಡಿನದು, ಇದು ಮುದುಕರ ವಾರ್ಡಿನದು ಎನ್ನುತ್ತಿದ್ದಳು. ಮೂರು ಮರಿಗೆ ಪಾಯಿಖಾನೆಗೆಂದು ಬಚ್ಚಲ ಮೂಲೆಯಲ್ಲಿ ಎರಡು ತಟ್ಟೆ ಇಟ್ಟಿದ್ದಳು. ಬೆಳಿಗ್ಗೆ ಸಂಜೆ, ಉಚ್ಚೆ ಬಿದ್ದಲ್ಲಿ ಗಟ್ಟಿಯಾಗುವ ಅಂಗಡಿಯ ಬೆಕ್ಕಿನ ಮಣ್ಣಿನಿಂದ ಉಂಡೆಗಳನ್ನು ಎತ್ತಿ ಕಟ್ಟಿ ಎಸೆಯುತ್ತಿದ್ದಳು, ತಳಕ್ಕೆ ಅಡುಗೆ ಸೋಡ ಉದುರಿಸುತ್ತಿದ್ದಳು, ವಾರಕ್ಕೊಮ್ಮೆ ತಟ್ಟೆ ಉಜ್ಜಿ ಬಿಸಿಲಿಗಿಡುತ್ತಿದ್ದಳು. ಘಮಘಮದ ಎಣ್ಣೆ ಹಾಕು ಎಂದು ಗಂಡ ಹೇಳಿದ್ದಕ್ಕೆ, ಹಾಕಿದರೆ ಮರಿ ಆ ಕಡೆ ಮೂತಿಯೂ ಹಾಕಲ್ಲ ಎಂದು ಸುಮ್ಮನಾಗಿಸಿದ್ದಳು. ಬಗ್ಗಿ ಮೂಗಿಟ್ಟರೆ ತಟ್ಟೆಯಲ್ಲಿ ಬರೀ ಮಣ್ಣಿನ ವಾಸನೆ.

ಆದರೂ ಮನೆ ನಾರುತ್ತಿತ್ತು. ಅದು ಸುಳ್ಳಲ್ಲ. ಜೊತೆಗೆ ಮರಿಗಳು ಕಿಟಕಿಯಿಂದ ಒಳನುಗ್ಗಿ ಮಾವನ ಹಾಸಿಗೆ ಕೆದರಿ ಉಚ್ಚೆ ಹೊಯ್ಯುವಾಗ ಎರಡು ಸಲ, ಅಂಗಳದಲ್ಲಿದ್ದ ಗಂಡನ ಕಣ್ಣಿಗೇ ಬಿದ್ದಿದ್ದವು. ಹದಿನೈದು ದಿನ ಬರಬೇಕಾದ ಮಣ್ಣಿನ ಚೀಲ ಆರು ದಿನಕ್ಕೇ ತಳ ಕಾಣುತ್ತಿತ್ತು. ಇದು ಮರಿಯ ವಾಸನೆಯಲ್ಲ ಎಂದು ಅವಳ ಮೂಗು ಹೇಳುತ್ತಲೇ ಇತ್ತು. ಅಪ್ಪ ಮಗ ಇಬ್ಬರೂ ಸೇರಿ ಆ ಮೂಗನ್ನೇ ಸುಳ್ಳು ಮಾಡಿಬಿಟ್ಟಿದ್ದರು. ಊರವರ ಕೊಳೆ ತೊಳೆಯುವವಳಿಗೆ ಸ್ವಂತ ಮನೆಯದು ಗೊತ್ತಾಗಲ್ಲ ಎಂದು ಗಂಡ ಅಂದಿದ್ದ. ಆ ಮಾತು ಇನ್ನೂ ಮುಳ್ಳಿನ ಹಾಗೆ ಒಳಗೇ ಇತ್ತು. ಅಪ್ಪನನ್ನು ನೋಡಿ ಕಲಿ ಎಂದೂ ಅಂದಿದ್ದ. ಈ ವಯಸ್ಸಿನಲ್ಲೂ ತಮ್ಮ ಹಾಸಿಗೆ ತಾವೇ ಹಾಸಿ, ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಾರೆ, ಎರಡು ತಿಂಗಳಿಂದ ಯಾರಿಗೂ ಮುಟ್ಟಗೊಡುವುದಿಲ್ಲ.

ಈಗ ಪೆಟ್ಟಿಗೆ ಸಿದ್ಧವಾಗಿತ್ತು. ಕರಿಯ, ಬೂದಿ ಸಿಕ್ಕಿದವು, ಸಾಹೇಬನ ಸುಳಿವಿರಲಿಲ್ಲ. ಹುಡುಕಿ ತಾ ಎಂದು ಗಂಡ ಕೂತಲ್ಲಿಂದಲೇ ಅಪ್ಪಣೆ ಮಾಡಿದ. ಮಾವ ಸ್ನಾನಕ್ಕೆ ಹೋಗಿದ್ದರು. ಸದಾ ಚಿಲಕ ಹಾಕಿರುತ್ತಿದ್ದ ಅವರ ಕೋಣೆಯ ಬಾಗಿಲು ಅಂದು ಒಂದು ಗೇಣು ತೆರೆದಿತ್ತು. ಒಳಗೆ ಸಾಹೇಬ ಹಾಸಿಗೆಯ ಅಂಚನ್ನು ಪರಪರ ಕೆರೆಯುತ್ತಿತ್ತು. ಎತ್ತಿಕೊಳ್ಳಲು ಬಗ್ಗಿದವಳ ಅಂಗೈಗೆ ಮಣ್ಣಿನ ಕಾಳುಗಳು ಚುಚ್ಚಿದವು.

ಮೇಲಿನ ದಪ್ಪ ಜಮಖಾನ ಸರಿಸಿದಳು. ಅದರಡಿ ಹಳೆ ಪೇಪರು, ಪೇಪರಿನ ಮೇಲೆ ಬೆಕ್ಕಿನ ಮಣ್ಣು, ನೀಟಾಗಿ ಹರಡಿದ್ದು. ಮರಿಗಳ ಉಂಡೆ ಗೋಲಿ ಗಾತ್ರದ್ದು. ಹಾಸಿಗೆಯ ನಡುವೆ ಇದ್ದದ್ದು ಊಟದ ತಟ್ಟೆಯಗಲದ ಹೆಂಟೆ. ಮುದುಕರ ವಾರ್ಡಿನ ವಾಸನೆ. ಮಣ್ಣಿದ್ದಲ್ಲಿ ಪಾಯಿಖಾನೆ ಎಂದು ಮರಿಗಳಿಗೆ ಕಲಿಸಿದವಳು ಅವಳೇ. ಅವು ಕಲಿತ ಪಾಠ ಸರಿಯಾಗಿಯೇ ಒಪ್ಪಿಸಿದ್ದವು.

ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿ. ಅವಳ ಮೈ ನಖಶಿಖಾಂತ ಉರಿಯಿತು. ಹೆಂಟೆಯನ್ನು ಕಸದ ಮೊರಕ್ಕೆ ಎತ್ತಿಕೊಂಡು ನಿಂತಳು. ಅಷ್ಟರಲ್ಲಿ ಮಾವ ಟವೆಲು ಸುತ್ತಿಕೊಂಡು ಒಳಗೆ ಬಂದರು. ಮೊರ ನೋಡಿದರು. ಮರಿಗಳು ಎಂದು ಏನೋ ಶುರುಮಾಡಿದರು.

“ನನ್ನ ಮೂಗಿಗೆ ಸುಳ್ಳು ಹೇಳಬೇಡಿ ಮಾವ,” ಅಂದಳು. “ಇದು ಮರಿದಲ್ಲ.”

ಅವರು ಮಂಚದ ತುದಿಯಲ್ಲಿ ಕುಕ್ಕರಿಸಿದರು. ಟವೆಲಿನಲ್ಲಿ ಕೂತ ಮುದುಕನ ಮೊಣಕಾಲು ಎಷ್ಟು ಸಣ್ಣಗಿದೆ ಎಂದು ಅವಳಿಗೆ ಅನ್ನಿಸಿತು. ಕರುಣೆ ಬಂತು, ಬಂದರೂ ಕೋಪ ಜಾಗ ಬಿಟ್ಟುಕೊಡಲಿಲ್ಲ. ಮಗನಿಗೆ ಮಾತ್ರ ಹೇಳಬೇಡ ಎಂದು ಅವರು ನೆಲ ನೋಡಿಕೊಂಡು ಕೇಳಿದರು.

“ಒದ್ದೆಯಾಗಿದ್ದಕ್ಕೆ ನಂಗೆ ಸಿಟ್ಟಿಲ್ಲ. ದಿನಾ ನೂರು ಜನರದ್ದು ನೋಡ್ತೀನಿ. ಅದನ್ನ ಮುಚ್ಚಿಡೋಕೆ ಮೂರು ಜೀವಾನ ನಾಯಿ ಬಾಯಿಗೆ ಹಾಕೋಕೆ ಹೊರಟ್ರಲ್ಲ, ಅದಕ್ಕೆ. ನಾನು ಹೇಳಲ್ಲ. ಮರಿಗಳು ಉಳಿಯೋದು ಹೇಗೆ ಅಂತ ನೀವೇ ನೋಡ್ಕೊಳ್ಳಿ.”

“ಎಷ್ಟು ಹೊತ್ತು ಕೊಡ್ತೀಯ?”

“ನೀವೇ ಬರೆದಿದ್ದೀರಲ್ಲ. ಹತ್ತು ಗಂಟೆ.”

ನಡುಮನೆಯಿಂದ ಗಂಡ ಹೊತ್ತಾಯಿತು ಎಂದು ಕೂಗಿದ. ಮಾವ ಎದ್ದರು. ಬಚ್ಚಲ ಬಾಗಿಲ ಮುಂದೆ ನಿಂತು ನೋಟೀಸನ್ನು ನಾಲ್ಕೂ ಮೂಲೆಯಿಂದ ನಿಧಾನವಾಗಿ ಕಿತ್ತರು. ಮೂವತ್ನಾಲ್ಕು ವರ್ಷದಲ್ಲಿ ಒಂದು ನೋಟೀಸನ್ನೂ ವಾಪಸು ಪಡೆದವರಲ್ಲ. ತಪಾಸಣೆಯಲ್ಲಿ ತಪ್ಪಾಗಿದೆ, ಪೆಟ್ಟಿಗೆ ಬಿಚ್ಚು ಎಂದು ಮಗನಿಗೆ ಹೇಳಿದರು.

“ಹಾಗಾದ್ರೆ ವಾಸನೆ ಎಲ್ಲಿಂದ ಬರ್ತಿದೆ?” ಮಗ ಕೇಳಿದ.

ಮಾವ ಸೊಸೆಯ ಮುಖ ನೋಡಿದರು. ಅವಳು ಮೊರ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಈ ಒಂದು ಉತ್ತರವನ್ನು ಅವರ ಪರವಾಗಿ ಕೊಡಲು ಅವಳು ತಯಾರಿರಲಿಲ್ಲ.

“ನನ್ನ ಹಾಸಿಗೆಯಿಂದ,” ಅಂದರು ಮಾವ. “ನಂಗೆ ತಡ್ಕೊಳೋಕೆ ಆಗ್ತಿಲ್ಲ ಕಣೋ.”

ಗಂಡ ಕತ್ತರಿ ಕೆಳಗಿಟ್ಟ. ಕರಿಯ ಪೆಟ್ಟಿಗೆಯ ತೂತಿನಿಂದ ಕಾಲು ಹೊರಹಾಕಿ ಅವನ ಪಂಚೆ ಎಳೆಯುತ್ತಿತ್ತು. ಅಪ್ಪನ ಕೋಣೆಗೆ ಅವನು ಕಾಲಿಟ್ಟು ಎಷ್ಟು ದಿನವಾಯಿತೆಂದು ಅವಳು ಕೇಳಬಹುದಿತ್ತು, ಕೇಳಲಿಲ್ಲ. ಒಳಗೆ ಹೋಗಿ ಜಮಖಾನ ಸುತ್ತಿ ತಂದು ಅವನ ತೊಡೆಯ ಮೇಲೆ ಹಾಕಿದಳು.

“ಮೊದಲು ತಣ್ಣೀರಲ್ಲಿ ನೆನೆಸು,” ಅಂದಳು. “ಬಿಸಿನೀರು ಹಾಕಬೇಡ, ವಾಸನೆ ಕೂತುಬಿಡುತ್ತೆ. ಆಮೇಲೆ ಅಪ್ಪನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗು. ನಾನು ಬರಲ್ಲ, ನಂಗೆ ಮರಿಗಳ ತಟ್ಟೆ ತೊಳೆಯೋದಿದೆ.”