ಎಸೆಯಬೇಕಿದ್ದ ಡಬ್ಬಿ

ನಲವತ್ತೊಂಬತ್ತು ತುಂಬಿದ ಅಕ್ಕನಿಗೆ ಕನ್ನಡಿ ಕಂಡರೆ ಆಗುತ್ತಿರಲಿಲ್ಲ. ಹದಿನೆಂಟು ವರ್ಷ ಹೋಟೆಲಿನ ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ನಗುನಗುತ್ತ ಮಾತಾಡಿಸಿದವಳನ್ನು, "ಸ್ವಲ್ಪ ಎಳೆ ಮುಖ ಬೇಕಿತ್ತು" ಎಂದು ಮನೆಗೆ ಕಳಿಸಿದ್ದರು. ಸೋಮವಾರ ಒಂದು ಆಸ್ಪತ್ರೆಯಲ್ಲಿ ಅಂಥದೇ ಕೆಲಸಕ್ಕೆ ಸಂದರ್ಶನವಿತ್ತು. ಈ ವಯಸ್ಸಿನಲ್ಲಿ ಕರೆದಿದ್ದು ಅದೊಂದೇ ಕಡೆ.

ತಂಗಿ ಕೆಲಸ ಮಾಡುತ್ತಿದ್ದುದು ಎರಡೇ ಕೋಣೆಯ ಪುಟ್ಟ ಕಂಪನಿಯಲ್ಲಿ. ಎಲೆ, ಹೂವು, ಬೀಜಗಳ ಸಾರ ತೆಗೆದು, ತೂಕ ಮಾಡಿ, ಸುಕ್ಕು ತಗ್ಗಿಸುವ ಕ್ರೀಮು ತಯಾರಿಸುತ್ತಿದ್ದರು. ಪ್ರತಿ ಸಲ ಮಾಡಿದ್ದರಲ್ಲಿ ಒಂದು ಡಬ್ಬಿಯನ್ನು ಮೂರು ತಿಂಗಳು ಬಿಸಿ ಬೀರುವಿನಲ್ಲಿಟ್ಟು, ಕೆಡುತ್ತದೆಯೋ ಇಲ್ಲವೋ ನೋಡುವುದು ಅಲ್ಲಿಯ ಪದ್ಧತಿ. ಕೆಟ್ಟದ್ದರ ಮುಚ್ಚಳಕ್ಕೆ ಕೆಂಪು ಗೀಟು. ಅದನ್ನು ಎಸೆಯುವ ಕೆಲಸ ತಂಗಿಯದು.

ಗುರುವಾರ ಅಂಥದೊಂದು ಡಬ್ಬಿ ಕೈಗೆ ಬಂತು. ಕಣ್ಣಿಗೆ ಏನೂ ಕೆಟ್ಟಂತಿರಲಿಲ್ಲ. ಅಕ್ಕನ ಮುಖ ನೆನಪಾಯಿತು. ಸೆರಗಿನಿಂದ ಗೀಟು ಒರೆಸಿ ಮನೆಗೆ ತಂದು ಅಕ್ಕನಿಗೆ ಕೊಟ್ಟುಬಿಟ್ಟಳು. ಎರಡು ರಾತ್ರಿ ಅಕ್ಕ ಅದನ್ನು ಮುಖಕ್ಕೆ ಹಚ್ಚಿದಳು.

ಶನಿವಾರ ಬೆಳಿಗ್ಗೆ ಅಕ್ಕನ ಕೆನ್ನೆ ಊದಿ ಎಡಗಣ್ಣು ಮುಚ್ಚಿಹೋಗಿತ್ತು. ಗಲ್ಲದ ಮೇಲೆ ನೀರುಗುಳ್ಳೆಗಳು ಒಡೆದು ಸೋರುತ್ತಿದ್ದವು.

ತಂಗಿ, ಕಂಪನಿಯಲ್ಲಿ ಕ್ರೀಮು ಪರೀಕ್ಷೆ ಮಾಡುವ ಮೇಡಂ ಮನೆಗೆ ಓಡಿದಳು. ಗೀಟು ಒರೆಸಿದ್ದನ್ನೂ ಹೇಳಿದಳು. ಮೇಡಂ ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಜೊತೆಗೇ ಬಂದರು.

"ಬರೀ ಎಲೆ ಹೂವಿನ ರಸ ಕಣ್ರೀ, ಏನಾಗುತ್ತೆ?" ಅಕ್ಕ ಗೋಡೆ ಕಡೆ ತಿರುಗಿ ಹೇಳಿದಳು. "ಒಳಗಿನ ಕೊಳೆ ಹೊರಗೆ ಬರ್ತಿರಬೇಕು. ಇನ್ನೊಂದ್ಸಲ ಹಚ್ಚಿದ್ರೆ ಸರಿಹೋಗುತ್ತೆ."

"ಎಲೆ ಕೊಳೆಯಲ್ವೇನಮ್ಮಾ?" ಎಂದರು ಮೇಡಂ. "ಹಣ್ಣು ಬೂಸ್ಟು ಹಿಡಿಯಲ್ವಾ? ಇದೂ ಹಾಗೇ. ಕಣ್ಣಿಗೆ ಕಾಣದ ಹಾಗೆ ಕೆಟ್ಟಿರುತ್ತೆ, ಅದಕ್ಕೇ ಪರೀಕ್ಷೆ ಮಾಡೋದು. ಈಗ ಏನೂ ಹಚ್ಚಬೇಡಿ. ಕಣ್ಣಿನ ಹತ್ತಿರ ಬಂದಿದೆ, ಏಳಿ, ಡಾಕ್ಟರ ಹತ್ತಿರ ಹೋಗೋಣ."

"ಈ ಮೋರೆ ಹೊತ್ಕೊಂಡು ಬೀದೀಲಿ ಬರ್ಲಾ? ನಾಡಿದ್ದು ಸಂದರ್ಶನ..." ಅಕ್ಕ ಸೆರಗಿನಿಂದ ಕೆನ್ನೆ ಮುಚ್ಚಿಕೊಂಡಳು. "ನನ್ನ ತಂಗೀನೇ ಕೊಟ್ಟಿದ್ದು. ಅವಳು ಕೆಟ್ಟಿದ್ದು ಕೊಡ್ತಾಳಾ?"

ತಂಗಿ ಅಕ್ಕನ ಪಕ್ಕ ಕೂತಳು. "ಕೊಟ್ಟೆ ಅಕ್ಕಾ. ಕೆಂಪು ಗೀಟಿತ್ತು. ನಾನೇ ಒರೆಸಿದೆ."

ಅಕ್ಕ ಎದ್ದು ಚಪ್ಪಲಿ ಹುಡುಕಿದಳು.

ಡಾಕ್ಟರು ಮಾತ್ರೆ, ಮುಲಾಮು ಬರೆದುಕೊಟ್ಟರು. "ಕಣ್ಣು ಉಳೀತು. ಕೆನ್ನೆ ಕಲೆ ಹೋಗೋಕೆ ವರ್ಷವೇ ಬೇಕಾಗಬಹುದು. ಪೂರ್ತಿ ಹೋಗುತ್ತೆ ಅಂತ ಹೇಳಲಾರೆ."

ಸೋಮವಾರ ಹತ್ತು ಗಂಟೆಗೆ ಅಕ್ಕ ಒದ್ದೆ ಬಟ್ಟೆಯನ್ನು ಕೆನ್ನೆಗೊತ್ತಿಕೊಂಡು ಅಡುಗೆಮನೆಯ ಮಣೆಯ ಮೇಲೆ ಕೂತಿದ್ದಳು. ಆಸ್ಪತ್ರೆಯಲ್ಲಿ ಬೇರೆ ಯಾರನ್ನೋ ಆರಿಸಿದರೆಂದು ಮಧ್ಯಾಹ್ನ ತಿಳಿಯಿತು.

"ಸುಕ್ಕಿದ್ದ ಮುಖಾನೇ ಚೆನ್ನಾಗಿತ್ತು ಕಣೇ," ಎಂದಳು ಅಕ್ಕ. ತಂಗಿ ಬಟ್ಟೆಯನ್ನು ಮತ್ತೆ ಒದ್ದೆ ಮಾಡಿ ತಂದುಕೊಟ್ಟಳು.

ಅಕ್ಕತಂಗಿಯರೇ, ಯಾರೇ ಪ್ರೀತಿಯಿಂದ ಕೊಟ್ಟರೂ ಚೀಟಿಯಿಲ್ಲದ, ತಾರೀಖಿಲ್ಲದ ಡಬ್ಬಿಯನ್ನು ಮುಖಕ್ಕೆ ಹಚ್ಚಬೇಡಿ. ನೈಸರ್ಗಿಕ ಎಂದು ಬರೆದಿದ್ದರೂ ಮೊದಲು ಮೊಣಕೈ ಒಳಬದಿಗೆ ಚೂರು ಹಚ್ಚಿ ಕೆಲವು ದಿನ ಕಾಯಿರಿ. ಉರಿ, ಊತ ಕಂಡರೆ ನಿಲ್ಲಿಸಿ, ನಾಚದೆ ಡಾಕ್ಟರಿಗೆ ತೋರಿಸಿ. ವಯಸ್ಸಾಗುವುದು ರೋಗವಲ್ಲ. ಅದು ಗೊತ್ತಿದ್ದೂ ನಮ್ಮನ್ನು ಕನ್ನಡಿಯ ಮುಂದೆ ಅಳುವಂತೆ ಮಾಡುವವರಿಗಾಗಿ, ಇರುವ ಮುಖವನ್ನೂ ಕಳೆದುಕೊಳ್ಳಬೇಡಿ.