ಪೀತಿಯ ದನಿ

ಸೊಸೆಯಾದವಳು ಮಾವನೊಡನೆ ನೇರ ಮಾತಾಡುವಂತಿಲ್ಲ, ಮುಖವನ್ನೂ ತೋರಿಸುವಂತಿಲ್ಲ. ಉತ್ತರದ ಹಿಮನಾಡಿನ ಖಾಂತಿ ಜನರಲ್ಲಿ ಹಾಗೇ. ತೈಸ್ಯಾ ಈ ಡೇರೆಗೆ ಬಂದು ಆರು ಚಳಿಗಾಲ ಕಳೆದಿದ್ದವು. ಮಾವ ಕುಪ್ರಿಯಾನ್ ಒಳಗೆ ಕಾಲಿಟ್ಟರೆ ಸಾಕು, ಅವಳ ತಲೆವಸ್ತ್ರ ಮುಖದ ಮೇಲೆ ಇಳಿಯುತ್ತಿತ್ತು. ಹಾಗಂತ ಸಂಸಾರ ನಡೆಯಬೇಡವೇ? ಅದಕ್ಕೆಂದೇ ಮುದಿ ನಾಯಿ ಪೀತಿ ಇತ್ತು; ಅದಕ್ಕೆ ಹೇಳುವ ನೆಪದಲ್ಲಿ ಇಬ್ಬರೂ ಮಾತಾಡುತ್ತಿದ್ದರು.

“ಪೀತಿ, ನಿಮ್ಮಜ್ಜಂಗೆ ಹೇಳು, ಚಹಾ ಆರ್ತಾ ಇದೆ ಅಂತ.”

“ಪೀತಿ, ನಿಮ್ಮಮ್ಮಂಗೆ ಹೇಳು, ನಿನ್ನೆ ಮೀನಿನ ಸಾರಿಗೆ ಉಪ್ಪೇ ಇರಲಿಲ್ಲ ಅಂತ. ಪಾಪ, ಮೀನಿಗೇ ಬೇಜಾರಾಗಿತ್ತು.”

“ಹಲ್ಲು ಉದುರಿದ್ರೂ ನಾಲಿಗೆಗೇನೂ ಕಮ್ಮಿ ಇಲ್ಲ ಅಂತ ಹೇಳೋ, ಪೀತಿ!”

ನಾಯಿ ಅತ್ತ ಒಮ್ಮೆ, ಇತ್ತ ಒಮ್ಮೆ ನೋಡಿ ಬಾಲ ಆಡಿಸುತ್ತಿತ್ತು.

ಹಿಮಗಾಳಿ ಶುರುವಾಗಿ ಅಂದು ಮೂರನೆಯ ದಿನ. ತೈಸ್ಯಾಳ ಗಂಡ ಪ್ರೊಕೋಪಿ ಹಿಮಸಾರಂಗಗಳ ಮಂದೆಯೊಡನೆ ಕಾಡಿನ ಅಂಚಿನಲ್ಲಿದ್ದ. ಮಧ್ಯಾಹ್ನ ಗಾಳಿ ಇನ್ನೂ ರೊಚ್ಚಿಗೆದ್ದು ಡೇರೆಯ ಚರ್ಮದ ಹೊದಿಕೆಯ ಒಂದು ಮಗ್ಗುಲನ್ನು ಎತ್ತತೊಡಗಿತು. ತೈಸ್ಯಾ ಎರಡು ಕಂಬಗಳನ್ನು ತಬ್ಬಿ ನಿಂತಳು. ಹೇರು ತುಂಬಿದ ಜಾರುಬಂಡಿಯನ್ನು ಎಳೆದು ಹೊದಿಕೆಯ ಅಂಚಿನ ಮೇಲೆ ಇಡದಿದ್ದರೆ ಡೇರೆ ಉಳಿಯುತ್ತಿರಲಿಲ್ಲ. ಮುದುಕ ಎದ್ದು ಸೊಂಟಕ್ಕೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ಬಾಗಿಲ ಕಂಬಕ್ಕೆ ಕಟ್ಟಿದ.

“ಪೀತಿ, ನಾನು ಹೋಗ್ತೀನಿ ಅಂತ ನಿಮ್ಮಜ್ಜಂಗೆ ಹೇಳು!”

“ಕಂಬ ಹಿಡಿಯೋ ತಾಕತ್ತು ನಂಗಿಲ್ಲ ಅಂತ ಹೇಳು, ಪೀತಿ,” ಎನ್ನುತ್ತ ಮುದುಕ ಹೊರಬಿದ್ದ.

ಸ್ವಲ್ಪ ಹೊತ್ತಿಗೆ ಹೊದಿಕೆ ನೆಲಕ್ಕೆ ಒತ್ತಿ ಕೂತಿತು, ಕಂಬಗಳ ನಡುಕ ನಿಂತಿತು. ಬಂಡಿ ಬಂದಿದೆ! ಆದರೆ ಮುದುಕ ಬರಲಿಲ್ಲ. ಬಂಡಿಯನ್ನು ಬಿಗಿಯಲು ಬೇರೆ ಹಗ್ಗವಿಲ್ಲದೆ ತನ್ನ ಸೊಂಟದ್ದನ್ನೇ ಬಿಚ್ಚಿದ್ದ. ಅಷ್ಟರಲ್ಲಿ ಗಾಳಿ ಅವನನ್ನು ಉರುಳಿಸಿ ಡೇರೆಯಿಂದ ದೂರಕ್ಕೆ ಒಯ್ದಿತ್ತು.

ಎಲ್ಲೋ ದೂರದಿಂದ “ಹೋಯ್” ಎಂಬ ಕೂಗು ಕೇಳಿತು. ತೈಸ್ಯಾ ಕಂಬ ಬಿಟ್ಟು ಬಾಗಿಲಿಗೆ ಓಡಿದಳು.

“ಪೀತಿ, ಹೋಗೋ, ಕರ್ಕೊಂಡ್ ಬಾ!”

ಪೀತಿ ಮೂಗು ಹೊರಗಿಟ್ಟು, ಬಾಲ ಮುದುರಿಕೊಂಡು ವಾಪಸ್ಸು ಬಂದು ಹಾಸಿಗೆಯೊಳಗೆ ತೂರಿತು. ತೈಸ್ಯಾ ಪಾತ್ರೆ ಬಡಿದಳು. ಕೂಗು ಇನ್ನೂ ದೂರವಾಯಿತು. ಮುದುಕ ಗಾಳಿಗೆ ಬೆನ್ನು ಕೊಟ್ಟು ಬಯಲಿನತ್ತ ನಡೆಯುತ್ತಿದ್ದಾನೆಂದು ಅವಳಿಗೆ ತಿಳಿದುಹೋಯಿತು.

ತಲೆವಸ್ತ್ರ ಕಿತ್ತೆಸೆದು ಹೊರಗೆ ಬಗ್ಗಿದಳು.

“ಮಾವಾ! ಆ ಕಡೆ ಅಲ್ಲ! ತಿರುಗಿ! ಗಾಳಿ ಮುಖಕ್ಕೆ ಹೊಡೀಬೇಕು! ಮಾವಾ, ಕೇಳಿಸ್ತಾ? ಹಟ ಮಾಡ್ಬೇಡಿ, ಬನ್ನಿ!”

ಗಂಟಲು ಹರಿಯುವಂತೆ ಕರೆದಳು. ಕೊನೆಗೆ ಹಿಮ ಮೆತ್ತಿದ ಕೈಯೊಂದು ತೆವಳುತ್ತ ಬಂದು ಅವಳ ಕೈಗೆ ಸಿಕ್ಕಿತು. ಒಳಗೆಳೆದುಕೊಂಡಳು. ತನ್ನ ಮುಖ ಮುಚ್ಚಿಲ್ಲವೆಂದು ಹೊಳೆದದ್ದು ಆಮೇಲೆ. ಅವಳು ಬಟ್ಟೆಗಾಗಿ ತಡಕಾಡುವಷ್ಟರಲ್ಲಿ ಮುದುಕ ಕಣ್ಣು ಗಟ್ಟಿಯಾಗಿ ಮುಚ್ಚಿ ಒಲೆಯ ಕಡೆ ತಿರುಗಿದ್ದ.

 ತಪ್ಪು ಮಾಡಿದೆನೆಂದು ತೈಸ್ಯಾ ಮುದುಡಿ ಕೂತಿದ್ದಳು. ಮುದುಕ ನಾಯಿಯನ್ನು ಹತ್ತಿರ ಕರೆದು ಕೊಬ್ಬಿನ ತುಂಡೊಂದನ್ನು ಕೊಟ್ಟ.

“ಎಂಥಾ ದನಿ ಕಣೋ ಪೀತಿ ನಿಂದು! ನಮ್ಮಮ್ಮ ಹೋದ ಮೇಲೆ ಯಾರೂ ನನ್ನನ್ನ ಹೀಗೆ ಗದರಿಸಿ ಕರೆದಿರಲಿಲ್ಲ.”

ಬಟ್ಟೆಯೊಳಗೆ ತೈಸ್ಯಾಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

“ಪೀತಿ, ನಿಮ್ಮಜ್ಜಂಗೆ ಹೇಳು, ಇನ್ನೊಂದ್ಸಲ ಹಗ್ಗ ಬಿಚ್ಚಿದ್ರೆ ಕರೆಯಲ್ಲ ಅಂತ.”

ಮುದುಕ ನಾಯಿಯ ಕಿವಿ ಸವರಿದ.

“ಸುಳ್ಳು ಹೇಳ್ಬೇಡ ಪೀತಿ. ಕರೀತೀಯ.”